ಕರ್ಚಿಕಾಯಿ ಡಬ್ಬಿ ಹೊತ್ತು ವಿಜಯವಾಡಕ್ಕೆ

ಹೋದ ಡಿಸೆಂಬರ್ ಇಪ್ಪತ್ತಮೂರರ ಬೆಳಿಗ್ಗೆ ಐದು ಗಂಟೆಗೆ ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ನಮ್ಮ ಮನೆಯಿಂದ ಹೊರಟೆ. ಮೂರನೆಯ ಮಹಡಿ, ಲಿಫ್ಟ್ ಕೆಟ್ಟಿತ್ತು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ದೊಡ್ಡ ಸ್ಟೀಲ್ ಡಬ್ಬಿ. ಡಬ್ಬಿಯ ತುಂಬ ಕರ್ಚಿಕಾಯಿ. ನಮ್ಮ ಯಜಮಾನರು ಬಾಗಿಲಲ್ಲಿ ಕೈ ಕಟ್ಟಿಕೊಂಡು ನಿಂತಿದ್ದರು. ಡಬ್ಬಿ ಹಿಡಿಯಲು ಆ ಕೈ ಬಿಚ್ಚಲಿಲ್ಲ.

"ಹೋಗೇ ಬಿಡ್ತಿ ಏನು?" ಅಂದರು.

"ಹೂಂರಿ. ಟಿಕೆಟ್ ಮಾಡಿಸೇನಿ."

"ನಾ ಬ್ಯಾಡ ಅಂದ ಮ್ಯಾಲೂ?"

"ನೀವು ಬ್ಯಾಡ ಅಂದು ವರ್ಷದ ಮ್ಯಾಲಾತು. ಇಲ್ಲೀಮಟಾ ಕೇಳೇನಿ. ಸಾಕು."

ನಾನು ಮೆಟ್ಟಿಲಿಳಿಯುವಾಗ ಹಿಂದೆ ಟಕ್ ಅಂತ ಸದ್ದಾಯಿತು. ಅಡಿಗೆಮನೆಯ ದೀಪ ಆರಿಸಿದ್ದರು. ಹೆಂಡತಿ ಹೋದರೂ ಸರಿ, ಖಾಲಿ ಕೋಣೆಯಲ್ಲಿ ದೀಪ ಉರಿಯಬಾರದು. ನೌಕಾಪಡೆಯಲ್ಲಿ ಇಪ್ಪತ್ತು ವರ್ಷ ದುಡಿದ ಮನುಷ್ಯ. ಮಲಗುವ ಮುಂಚೆ ಇಡೀ ಮನೆ ಸುತ್ತಿ ಒಂದೊಂದೇ ಸ್ವಿಚ್ ಒತ್ತಿ ಬರುವುದು ಹಡಗಿನಿಂದ ತಂದ ರೂಢಿ, ಒಂದು ದಿನವೂ ತಪ್ಪಿಸಿದ್ದು ನಾನು ಕಂಡಿಲ್ಲ. ನಾನು ಬಚ್ಚಲಲ್ಲಿ ಇರುವಾಗಲೇ ಎರಡು ಸಲ ಕತ್ತಲು ಮಾಡಿದ ಪುಣ್ಯಾತ್ಮ.

ಈಗ ಜಗಳದ ಮೂಲ ಹೇಳಬೇಕು. ನಮ್ಮದು ನವಲಗುಂದದ ಕಡೆಯ ಹಳ್ಳಿ. ಯಜಮಾನರ ನೌಕರಿಯ ಬೆನ್ನು ಹತ್ತಿ ಇಲ್ಲಿಗೆ ಬಂದು ಹದಿನೆಂಟು ವರ್ಷವಾಯಿತು. ಪಿಂಚಣಿ ಬಂದ ಮೇಲೂ ಅವರು ಸುಮ್ಮನೆ ಕೂಡದೆ ಅಚ್ಯುತಾಪುರಂನ ಕಾರ್ಖಾನೆಯೊಂದರಲ್ಲಿ ಭದ್ರತೆಯ ಕೆಲಸ ನೋಡುತ್ತಾರೆ. ಇರುವುದು ಒಬ್ಬಳೇ ಮಗಳು, ಕಾವೇರಿ. ಅವಳೂ ಅಲ್ಲೇ ಒಂದು ಔಷಧ ಕಂಪನಿಯ ಪ್ರಯೋಗಾಲಯದಲ್ಲಿದ್ದಳು. ಅಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ವಿಜಯವಾಡದ ಕಿರಣ್‌ನನ್ನು ಮೆಚ್ಚಿ ರಿಜಿಸ್ಟರ್ ಮದುವೆಯಾದಳು. ಹುಡುಗ ಕ್ರೈಸ್ತರ ಮನೆಯವನು. ಇಬ್ಬರೂ ವಿಜಯವಾಡದಲ್ಲೇ ಕೆಲಸ ಹುಡುಕಿಕೊಂಡು ಹೋದರು.

ನಮ್ಮವರು ಕೂಗಾಡಲಿಲ್ಲ, ಅಳಲಿಲ್ಲ. ಒಂದೇ ಒಂದು ಕೆಲಸ ಮಾಡಿದರು. ಕಾಲೋನಿಯ ಕನ್ನಡದ ಮನೆಗಳಿಗೆಲ್ಲ "ಕಾವೇರಿಗೆ ಪುಣೆಗೆ ವರ್ಗ ಆಗೇತಿ" ಎಂದು ಹೇಳಿಬಿಟ್ಟರು. ಅಲ್ಲಿಂದ ಆ ಸುಳ್ಳನ್ನು ಸಾಕುವ ಕೆಲಸ ನನ್ನ ಪಾಲಿಗೆ ಬಂತು. ಕೆಳಗಿನ ಮನೆಯ ಮೈಸೂರಿನ ಸರೋಜಾ "ಪುಣೇಲಿ ಚಳಿ ಹೇಗಿದ್ಯಂತೆ?" ಅಂದರೆ "ಭಾಳ ಐತಂತ" ಅನ್ನಬೇಕು. ಹಾಳಾದ ಪುಣೆಯನ್ನು ನಾನು ಕಣ್ಣಾರೆ ಕಂಡವಳಲ್ಲ. ಆದರೂ ಅದರ ಚಳಿ, ಮಳೆ, ಬಾಡಿಗೆ ಎಲ್ಲ ವರ್ಣಿಸಿದೆ.

ನಮ್ಮ ಕಡೆ ಮದುವೆಯಾದ ಮೊದಲ ವರ್ಷ ಪಂಚಮಿಗೆ, ದೀಪಾವಳಿಗೆ ಮಗಳನ್ನು ತವರಿಗೆ ಕರೆದು ಉಡಿ ತುಂಬಬೇಕು. ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನ ಬೇರು ಅವಳ ಸೆರಗಿಗೆ ಹಾಕಿ ಕಳಿಸಬೇಕು. ಪಂಚಮಿ ಬಂದು ಹೋಯಿತು, ಜೋಕಾಲಿಯಿಲ್ಲ, ಮಗಳಿಲ್ಲ. ದೀಪಾವಳಿಯೂ ಹಾಗೇ ಆಯಿತು. ಅವಳು ನಮ್ಮ ಹಬ್ಬಕ್ಕೆ ಬರುವ ಹಾಗಿಲ್ಲ ಅಂದರೆ ನಾನು ಅವಳ ಹಬ್ಬಕ್ಕೆ ಹೋಗುತ್ತೇನೆ, ಯಾರಪ್ಪನ ಭಯ ಎಂದು ತೀರ್ಮಾನಿಸಿದೆ. ಬೀಗತಿಯ ಮುಖವನ್ನು ನಾನು ಅಲ್ಲಿಯವರೆಗೆ ಫೋನಿನಲ್ಲಿ ಮಾತ್ರ ನೋಡಿದ್ದೆ.

ಸ್ಟೇಷನ್ನಿಗೆ ಆಟೋದವನು ಇನ್ನೂರು ಕೇಳಿದ. ಬೆಳಗಿನ ಹೊತ್ತು, ಕೈಯಲ್ಲಿ ಭಾರ, ಚೌಕಾಸಿ ಮಾಡಲಿಲ್ಲ. ವಿಜಯವಾಡಕ್ಕೆ ಮುನ್ನೂರೈವತ್ತು ಕಿಲೋಮೀಟರ್, ಆರು ತಾಸಿನ ದಾರಿ. ಕೂಡುವ ಸೀಟಿನ ಬೋಗಿಯಲ್ಲಿ ಕಿಟಕಿ ಸಿಕ್ಕಿತು. ರೈಲಿನ ತುಂಬ ಹಬ್ಬಕ್ಕೆ ಊರಿಗೆ ಹೋಗುವ ಹುಡುಗ ಹುಡುಗಿಯರು, ಎಲ್ಲರ ಮಡಿಲಲ್ಲೂ ಕೇಕಿನ ಪೆಟ್ಟಿಗೆ. ಅನಕಾಪಲ್ಲಿ ದಾಟಿದ ಮೇಲೆ ಮಂಜು ಕರಗಿ ಬಿಸಿಲು ಬಂತು. ಇಡ್ಲಿ ಮಾರುವವನು ಬಂದ. ನಾಲ್ಕು ಇಡ್ಲಿ, ನೀರಿನಂಥ ಚಟ್ನಿ, ಐವತ್ತು ರೂಪಾಯಿ.

ನನ್ನ ಪಕ್ಕ ಏಲೂರಿಗೆ ಹೊರಟ ನರ್ಸಿಂಗ್ ಓದುವ ಹುಡುಗಿ ಕೂತಿದ್ದಳು. ಒಳ್ಳೆಯ ಮಾತುಗಾತಿ. ತನ್ನ ಕೇಕಿನಲ್ಲಿ ಅರ್ಧ ಮುರಿದು ನನಗೆ ಕೊಟ್ಟಳು. ಮೊಟ್ಟೆ ಇರುತ್ತದೆ ಎಂದು ನಾನು ಬೇಡವೆಂದೆ, ಅವಳು ಬೇಸರ ಮಾಡಿಕೊಳ್ಳಲಿಲ್ಲ. ಅನ್ನವರಂ ಸ್ಟೇಷನ್ನಿನಲ್ಲಿ ಎದುರಿನ ಸೀಟಿನ ಹಿರಿಯರೊಬ್ಬರು ಇಳಿದು ಸತ್ಯನಾರಾಯಣ ಸ್ವಾಮಿಯ ಪ್ರಸಾದ ತಂದರು. ಎಲೆಯ ಪೊಟ್ಟಣ, ಒಳಗೆ ಬಿಸಿ ಗೋಧಿನುಚ್ಚಿನ ಸಿಹಿ. ಎಲ್ಲರಿಗೂ ಹಂಚಿದರು. ಹುಡುಗಿ ಕೈ ಮುಗಿದು, "ವದ್ದಂಡಿ. ಮೇಮು ಪ್ರಸಾದಂ ತಿನಮಂಡಿ," ಅಂದಳು. ಬೇಡ, ನಾವು ಪ್ರಸಾದ ತಿನ್ನುವುದಿಲ್ಲ. ತಾವು ಕ್ರೈಸ್ತರು, ದೇವರ ಮುಂದೆ ಇಟ್ಟಿದ್ದನ್ನು ತಮ್ಮ ಮನೆಯಲ್ಲಿ ಯಾರೂ ಬಾಯಿಗೆ ಹಾಕುವುದಿಲ್ಲವೆಂದು ನನಗೆ ಮೆಲ್ಲಗೆ ಬಿಡಿಸಿ ಹೇಳಿದಳು.

ನನ್ನ ಕೈಯಲ್ಲಿನ ಪ್ರಸಾದ ಅಲ್ಲೇ ನಿಂತಿತು. ತಲೆಯ ಮೇಲಿನ ಹಲಗೆಯಲ್ಲಿ ನನ್ನ ಡಬ್ಬಿ ಇತ್ತು. ಹಿಂದಿನ ಸಂಜೆ ಕರ್ಚಿಕಾಯಿ ಕರಿದು ಮುಗಿಸಿ, ಮೊದಲ ಐದನ್ನು ತಟ್ಟೆಗೆ ಹಾಕಿ, ದೇವರಿಗೆ ಎಡೆ ಹಿಡಿದು, ಆಮೇಲೆ ಅವನ್ನೂ ಡಬ್ಬಿಗೆ ಸೇರಿಸಿ ಮುಚ್ಚಿದ್ದೆ. ಯೋಚಿಸಿ ಮಾಡಿದ್ದಲ್ಲ. ನಮ್ಮವ್ವ ಹಾಗೆ ಮಾಡುತ್ತಿದ್ದಳು, ನಾನೂ ಮಾಡುತ್ತೇನೆ. ಹದಿನೆಂಟು ವರ್ಷ ಆಂಧ್ರದಲ್ಲಿದ್ದು, ಸುತ್ತ ಇಷ್ಟು ಕ್ರೈಸ್ತರ ಮನೆಗಳಿದ್ದೂ ನನಗೆ ಈ ಮಾತು ಗೊತ್ತಿರಲಿಲ್ಲ. ಗೊತ್ತಾಗುವಷ್ಟು ಹತ್ತಿರ ನಾನು ಯಾರ ಮನೆಗೂ ಹೋಗಿರಲಿಲ್ಲ.

ಸಾಮರ್ಲಕೋಟ ಬಂದಾಗ "ಕೇಳಿದರೆ ಇಲ್ಲ ಅಂದುಬಿಡೋಣ, ಕರ್ಚಿಕಾಯಿ ಮೇಲೇನು ಮುದ್ರೆ ಒತ್ತಿರುತ್ತದೆಯೇ" ಅಂದುಕೊಂಡೆ. ರಾಜಮಂಡ್ರಿಯಲ್ಲಿ ಸಿಟ್ಟು ಬಂತು. ಎರಡು ದಿನ ಸೊಂಟ ಮುರಿದುಕೊಂಡು ಮಾಡಿದ್ದೇನೆ, ತಿಂದರೆ ತಿನ್ನಲಿ ಬಿಟ್ಟರೆ ಬಿಡಲಿ. ಗೋದಾವರಿಯ ಸೇತುವೆಯ ಮೇಲೆ ಎಲ್ಲರೂ ನಾಣ್ಯ ಎಸೆಯುತ್ತಿದ್ದಾಗ ಡಬ್ಬಿಯನ್ನೇ ತಾಯಿಗೆ ಅರ್ಪಿಸಿಬಿಡಲೇ ಅನ್ನಿಸಿತು. ಸ್ಟೀಲ್ ಡಬ್ಬಿಯ ಮೇಲೆ ನನ್ನ ತವರಿನವರ ಹೆಸರು ಕೊರೆಸಿದೆ ಎಂದು ನೆನಪಾಗಿ ಬಿಟ್ಟೆ.

ವಿಜಯವಾಡದಲ್ಲಿ ಇಳಿದಾಗ ಡಿಸೆಂಬರಿನಲ್ಲೂ ಬೆವರು. ಕಾವೇರಿ ಪ್ಲಾಟ್‌ಫಾರ್ಮಿನಲ್ಲೇ ನನ್ನನ್ನು ಅಪ್ಪಿಕೊಂಡು ಅತ್ತಳು. ನಾನೂ ಅತ್ತೆ. ಜನ ನೋಡಿದರು, ನೋಡಲಿ. ಕಿರಣ್ ಚೀಲ ಎತ್ತಿಕೊಂಡು "ಊಟ ಆತಾ?" ಅಂದ. ಕಾವೇರಿ ಕಲಿಸಿದ ಏಕೈಕ ಕನ್ನಡ ವಾಕ್ಯ. ಅಲ್ಲಿದ್ದ ಮೂರು ದಿನ ಬೆಳಗೆದ್ದರೂ, ಉಂಡು ಕೈ ತೊಳೆಯುತ್ತಿದ್ದರೂ ಅದನ್ನೇ ಕೇಳಿದ.

ಅವರ ಮನೆ ಪಟಮಟದ ಒಂದು ಓಣಿಯಲ್ಲಿದೆ. ಅರ್ಧ ಮನೆಗಳ ಮುಂದೆ ಕಾಗದದ ನಕ್ಷತ್ರ ತೂಗುತ್ತಿದ್ದವು. ಬೀಗತಿ ರೂತಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಗಂಡ ತೀರಿ ಹತ್ತು ವರ್ಷವಾಗಿದೆ. ಬಾಗಿಲಿಗೆ ಬಂದು ನನ್ನ ಎರಡೂ ಕೈ ಹಿಡಿದು "ವದಿನಗಾರೂ" ಎಂದು ಒಳಗೆ ಕರೆದುಕೊಂಡರು. ತೆಲುಗಿನವರಲ್ಲಿ ಬೀಗತಿಯರು ಹಾಗೆ ಅತ್ತಿಗೆ ಅನ್ನುತ್ತಾರೆ. ಅವರ ಕಣ್ಣು ನನ್ನ ಹಣೆಯ ದೊಡ್ಡ ಕುಂಕುಮದ ಮೇಲೆ ಒಂದು ಗಳಿಗೆ ನಿಂತು ಮುಂದೆ ಹೋಯಿತು. ಚಹಾ ಕುಡಿಯುವ ಮುಂಚೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು. ಕಾವೇರಿಯೂ ಮುಚ್ಚಿದಳು. ನಾನು ಕಣ್ಣು ತೆರೆದುಕೊಂಡೇ ಮಗಳನ್ನು ನೋಡುತ್ತಿದ್ದೆ. ಅದು ನನಗೆ ಹಿಡಿಸಲಿಲ್ಲ, ಸುಳ್ಳೇಕೆ ಹೇಳಲಿ.

ಡಬ್ಬಿ ತೆರೆದಾಗ ರೂತಮ್ಮನ ಮುಖ ಅರಳಿತು. "ಸಾರೆ!" ಅಂದರು. ತವರಿನಿಂದ ಹೊಸ ಸೊಸೆಯ ಜೊತೆ ಬರುವ ಸಿಹಿತಿಂಡಿಗೆ ಅಲ್ಲಿ ಸಾರೆ ಅನ್ನುತ್ತಾರೆ. ಅದನ್ನು ಓಣಿಯ ಮನೆಮನೆಗೆ ಹಂಚಬೇಕು. ವರ್ಷದಿಂದ ಓಣಿಯ ಹೆಂಗಸರು "ನಿಮ್ಮ ಸೊಸೆಯ ಸಾರೆ ಎಲ್ಲಿ?" ಎಂದು ಕೇಳುತ್ತಿದ್ದರಂತೆ. ರೂತಮ್ಮ "ವಾಳ್ಳ ನಾನ್ನಕಿ ಒಂಟ್ಲೋ ಬಾಗೋಲೇದು" ಅನ್ನುತ್ತಿದ್ದರಂತೆ, ಅವರ ತಂದೆಗೆ ಮೈಯಲ್ಲಿ ಹುಷಾರಿಲ್ಲ ಎಂದು. ಅಯ್ಯೋ ಶಿವನೇ! ಇಲ್ಲಿ ನಾನು ಪುಣೆಯ ಚಳಿ ಹೇಳುತ್ತಿದ್ದರೆ, ಅಲ್ಲಿ ಈ ಹೆಣ್ಣುಮಗಳು ನನ್ನ ಗಂಡನಿಗೆ ರೋಗ ಹಚ್ಚಿ ನಮ್ಮ ಮರ್ಯಾದೆ ಕಾಯುತ್ತಿದ್ದಳು.

ಆಮೇಲೆ ಅವರು ಒಂದು ಕರ್ಚಿಕಾಯಿ ಕೈಗೆತ್ತಿಕೊಂಡರು. ಎತ್ತಿಕೊಂಡು ತಡೆದರು. ತುಂಬ ಸಂಕೋಚದಿಂದ, "ವದಿನಗಾರೂ, ಇವಿ ದೇವುಡಿ ದಗ್ಗರ ಪೆಟ್ಟಾರಾ?" ಅಂದರು. ದೇವರ ಹತ್ತಿರ ಇಟ್ಟಿದ್ದಿರಾ?

ಕಾವೇರಿಗೆ ಎಲ್ಲ ಅರ್ಥವಾಯಿತು. ಅತ್ತೆಗೆ ಕನ್ನಡ ಬಾರದು ಎಂಬ ಧೈರ್ಯದಿಂದ, ನಗುಮುಖ ಇಟ್ಟುಕೊಂಡೇ, "ಇಲ್ಲಾ ಅನ್ನವ್ವಾ. ಇಷ್ಟ ಒಂದ್ ಮಾತು. ನನ್ನ ಸಲುವಾಗಿ," ಅಂದಳು.

ಮಗಳ ಸಲುವಾಗಿ ನಾನು ಬೆಂಕಿಯಲ್ಲಿ ಕೈ ಇಡುತ್ತೇನೆ. ಆದರೆ ಅವಳ ಹೆಸರಿನಲ್ಲಿ ಹೇಳಿದ ಸುಳ್ಳುಗಳಿಂದ ಬಾಯಿ ಕಹಿಯಾಗಿತ್ತು. ಹೊಸ ಬೀಗತಿಯ ಜೊತೆ ಮೊದಲ ದಿನವೇ ಇನ್ನೊಂದು ಶುರು ಮಾಡುವುದೇ? "ಹೌದು ವದಿನಗಾರೂ," ಎಂದು ತೆಲುಗಿನಲ್ಲೇ ಹೇಳಿದೆ. "ಇಟ್ಟಿದ್ದೇನೆ. ನಮ್ಮಲ್ಲಿ ಹಾಗೇ ರೂಢಿ. ನೀವು ತಿನ್ನುವುದಿಲ್ಲವೆಂದು ದಾರಿಯಲ್ಲಿ ತಿಳಿಯಿತು."

ರೂತಮ್ಮ ಕರ್ಚಿಕಾಯಿಯನ್ನು ಮೆತ್ತಗೆ ಡಬ್ಬಿಯಲ್ಲಿಟ್ಟರು. ಅದನ್ನು ಇಟ್ಟ ರೀತಿಯಲ್ಲಿ ಅಸಹ್ಯವಿರಲಿಲ್ಲ, ಆದರೆ ಇಟ್ಟರು. ಕಾವೇರಿ ಎದ್ದು ಒಳಗೆ ಹೋದಳು. ನಾನು ಅವಳ ಹಿಂದೆ ಅಡಿಗೆಮನೆಗೆ ಹೋಗಿ ಸಿಟ್ಟನ್ನೆಲ್ಲ ಕಾರಿದೆ.

"ಏನಾಗೇತಿ ಅದಕ್ಕ? ವಿಷ ಹಾಕೇನೇನು? ಇಂಥಾ ಮಡಿ ಇವರದು!"

ಕಾವೇರಿ ಕಟ್ಟೆಯ ಮೇಲಿನ ಕುಕ್ಕರ್ ತೋರಿಸಿದಳು. ಹೊಚ್ಚಹೊಸದು, ಮೇಲಿನ ಚೀಟಿ ಸಹ ಕಿತ್ತಿರಲಿಲ್ಲ. ಪಕ್ಕದಲ್ಲಿ ಹೊಸ ಬಾಣಲೆ, ಎರಡು ಹೊಸ ಸೌಟು. "ನಿನಗಂತ ತಂದಾರ. ನೀ ಮಾಂಸ ಬೇಯಿಸಿದ ಪಾತ್ರೆಯೊಳಗ ಉಣ್ಣಂಗಿಲ್ಲಂತ ನಾ ಒಮ್ಮೆ ಹೇಳಿದ್ದೆ. ಏನಾಗೇತಿ ಅದಕ್ಕ ಅಂತ ಅವರು ಕೇಳಲಿಲ್ಲ," ಅಂದಳು.

ಹೆತ್ತ ಮಗಳ ಕೈಯಲ್ಲಿ ಕಪಾಳಕ್ಕೆ ತಿಂದ ಹಾಗಾಯಿತು. ಮುಖ ತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಗೆ ಬಂದೆ. "ವದಿನಗಾರೂ, ಮೈದಾ ಇದೆಯಾ? ಪುಟಾಣಿ, ಒಣಕೊಬ್ಬರಿ ತರಿಸಿ. ಸಾರೆ ನಿಮ್ಮ ಮನೆಯಲ್ಲೇ ಮಾಡುತ್ತೇನೆ. ನಿಮ್ಮ ಕಣ್ಣೆದುರಿಗೆ," ಅಂದೆ.

ಇಪ್ಪತ್ತನಾಲ್ಕನೆಯ ತಾರೀಖು ಬೆಳಗಿನಿಂದ ಮಧ್ಯಾಹ್ನದವರೆಗೆ ನಾವಿಬ್ಬರು ಬೀಗತಿಯರು ಆ ಹೊಸ ಬಾಣಲೆಯ ಮುಂದೆ ಕೂತೆವು. ಅವರಲ್ಲೂ ಇದೇ ತಿಂಡಿ ಉಂಟು, ಕಜ್ಜಿಕಾಯಲು ಅನ್ನುತ್ತಾರೆ. ಆದರೆ ಮರದ ಅಚ್ಚಿನಲ್ಲಿ ಒತ್ತುತ್ತಾರೆ. ನಾನು ಬೆರಳಿನಿಂದ ಅಂಚಿಗೆ ಮುರಿಗೆ ಹಾಕುವುದನ್ನು ರೂತಮ್ಮ ಕನ್ನಡಕ ಏರಿಸಿ ನೋಡಿದರು. "ಹೊಲಿಗೆ ಹಾಕಿದ ಹಾಗಿದೆ. ನಾನು ಗಾಯಕ್ಕೂ ಇಷ್ಟು ಚೆಂದ ಹಾಕುತ್ತಿರಲಿಲ್ಲ," ಅಂದರು. ತಾವೂ ಪ್ರಯತ್ನಿಸಿದರು. ಎಣ್ಣೆಗೆ ಬಿಟ್ಟ ಕೂಡಲೇ ಅವರದು ಬಾಯಿ ಬಿಟ್ಟು ಹೂರಣವೆಲ್ಲ ಹೊರಗೆ ಬಂತು. "ನಿಮ್ಮ ಅಚ್ಚೇ ನಿಮಗೆ ಗತಿ," ಎಂದು ನಾನು ನಕ್ಕೆ. "ಮೂರು ತಾಸಿಗೆ ಐವತ್ತು ಮಾಡಿದ್ದೀರಿ, ನನ್ನ ಅಚ್ಚಿನಲ್ಲಿ ಇನ್ನೂರಾಗುತ್ತಿದ್ದವು," ಎಂದು ಅವರು ತಿರುಗಿಸಿ ಕೊಟ್ಟರು.

ಕೈ ತಾನಾಗಿ ಮೊದಲ ಐದನ್ನು ತಟ್ಟೆಗೆ ಬೇರೆ ತೆಗೆದಿತ್ತು. ರೂತಮ್ಮ ನೋಡಿದರು. ನಾನೂ ನೋಡಿದೆ. ತಟ್ಟೆಯನ್ನು ಅವರ ಮುಂದೆ ತಳ್ಳಿದೆ. ಅವರು ಒಂದನ್ನು ಕಚ್ಚಿ, ತಲೆಯಾಡಿಸಿ, ಎರಡನೆಯದಕ್ಕೂ ಕೈ ಹಾಕಿದರು.

ಸಂಜೆ ಕಾವೇರಿ ಜರಿ ಸೀರೆ ಉಟ್ಟು ಸಾರೆ ಹಂಚಲು ಹೊರಟಳು. ಕ್ರೈಸ್ತರ ಮನೆಗಳಿಗೆ ಹೊಸ ಕರ್ಚಿಕಾಯಿ, ಉಳಿದ ಮನೆಗಳಿಗೆ ನನ್ನ ಡಬ್ಬಿಯವು. ಯೋಜನೆ ರೂತಮ್ಮನದೇ. ಕಾವೇರಿ ಎರಡರಿಂದಲೂ ತಿಂದಳು. ನಾನು ಪಕ್ಕದಲ್ಲೇ ನಡೆದೆ. ಪ್ರತಿ ಬಾಗಿಲಲ್ಲೂ "ನಾನು ಇವಳ ತಾಯಿ" ಎಂದು ಹೇಳಿದೆ. ಕೇಳದಿದ್ದರೂ ಹೇಳಿದೆ. ಒಂದು ಮನೆಯಲ್ಲಿ ಕಾವೇರಿಯ ತಂದೆಗೆ ಈಗ ಹೇಗಿದೆ ಎಂದು ವಿಚಾರಿಸಿದರು. ರೂತಮ್ಮ ನನ್ನ ಕಡೆ ನೋಡಿದರು.

"ಅವರು ಗಟ್ಟಿಮುಟ್ಟಾಗಿದ್ದಾರೆ. ಸಿಟ್ಟು ಮಾಡಿಕೊಂಡಿದ್ದಾರೆ, ಅಷ್ಟೇ," ಅಂದೆ. ಬಾಗಿಲಲ್ಲಿ ನಿಂತ ಹೆಂಗಸು ಗೊಳ್ಳೆಂದು ನಕ್ಕಳು. ತನ್ನ ಅಪ್ಪ ನಾಲ್ಕು ವರ್ಷ ಮಾಡಿಕೊಂಡಿದ್ದನಂತೆ.

ಇಪ್ಪತ್ತೈದರಂದು ಚರ್ಚಿಗೂ ಹೋದೆ. ಚಪ್ಪಲಿ ಹೊರಗೆ ಬಿಟ್ಟು ಹೆಂಗಸರ ಕಡೆ ಚಾಪೆಯ ಮೇಲೆ ಕೂತೆ. ಹಿಂದಿನ ಸಾಲಿನ ಮುದುಕಿಯೊಬ್ಬಳು ನನ್ನ ಹಣೆ ಮುಟ್ಟಿ ಕುಂಕುಮ ಒರೆಸಿಕೊಂಡು ಕೂರಬಾರದೇ ಎಂದಳು. "ಮುತ್ತೈದೆ ನಾನು, ಒರೆಸುವುದಿಲ್ಲ. ಬೇಕಾದರೆ ಹೊರಗೆ ಕೂರುತ್ತೇನೆ," ಅಂದೆ. ಏಳಲು ಹೋದವಳ ಮೊಣಕೈಯನ್ನು ರೂತಮ್ಮ ಹಿಡಿದರು, ಆರಾಧನೆ ಮುಗಿಯುವವರೆಗೂ ಬಿಡಲಿಲ್ಲ. ಕಾವೇರಿ ತಲೆಯ ಮೇಲೆ ಸೆರಗು ಹೊದ್ದು ಎಲ್ಲರ ಜೊತೆ ಹಾಡಿದಳು. ನಾನು ಕಲಿಸದ ಹಾಡು. ಕಣ್ಣೀರು ಬಂತು, ಯಾತಕ್ಕೆಂದು ಈಗಲೂ ಸರಿಯಾಗಿ ಹೇಳಲಾರೆ.

ಊಟಕ್ಕೆ ಅವರಿಗೆಲ್ಲ ಬಿರಿಯಾನಿ, ನನಗೆ ಹೊಸ ಕುಕ್ಕರಿನ ತರಕಾರಿ ಪಲಾವ್. ಉಂಡ ಮೇಲೆ ಮಗಳನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದೆ. ರೂತಮ್ಮ "ಇದು ಪೂಜೆಯಾ?" ಎಂದು ಕೇಳಿದರು. "ಅಲ್ಲ, ಇದು ತವರು," ಅಂದೆ. ಅವರು ಪಕ್ಕಕ್ಕೆ ಬಂದು ನಿಂತರು. ಸೆರಗು ಒಡ್ಡಿ ಕೂತ ಕಾವೇರಿ "ಅಪ್ಪ ಏನಂದ?" ಅಂದಳು. ಬಂದು ಮೂರನೆಯ ದಿನ ಬಾಯಿ ಬಿಟ್ಟು ಕೇಳಿದ್ದಳು.

"ಏನೂ ಅನ್ನಲಿಲ್ಲವ್ವಾ. ದೀಪ ಆರಿಸಿದರು."

ಅವಳು ಒಮ್ಮೆ ನಕ್ಕು, ಆಮೇಲೆ ಸೆರಗಿನ ತುಂಬ ಅಕ್ಕಿ ಇಟ್ಟುಕೊಂಡು ಬಿಕ್ಕಿದಳು. ನನಗೆ ಆಗಲೇ ಹೊಳೆದದ್ದು. ಗೋಡೆಯ ಮೊಳೆಗೆ ಹೋದ ವರ್ಷದ ನಕ್ಷತ್ರ ಮಡಿಚಿ ಸಿಕ್ಕಿಸಿದ್ದರು, ಕೆಂಪು ಕಾಗದದ್ದು. "ಅದನ್ನು ನನಗೆ ಕೊಡಿ ವದಿನಗಾರೂ. ನಮ್ಮ ಬಾಲ್ಕನಿಗೆ ಕಟ್ಟುತ್ತೇನೆ," ಅಂದೆ.

ರೂತಮ್ಮನಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. ನಂಬಿಕೆಯಿಲ್ಲದೆ ಕಟ್ಟುವುದು ಹೇಗೆ ಎಂದರು. "ನಿಮ್ಮ ದೇವರ ಸಲುವಾಗಿ ಅಲ್ಲ, ನನ್ನ ಮಗಳ ಸಲುವಾಗಿ. ಅವಳು ಎಲ್ಲಿದ್ದಾಳೆಂದು ನಮ್ಮ ಕಾಲೋನಿಗೆ ಗೊತ್ತಾಗಬೇಕು. ನಿಮ್ಮ ದೇವರಿಗೆ ಬೇಸರವಾಗುತ್ತದೆಯೇ?" ಅಂದೆ. ಅವರು "ಆಯನ ಏಮೀ ಅನುಕೋರ್ಲೆಂಡಿ," ಎಂದು ತಾವೇ ಕುರ್ಚಿ ಹತ್ತಿ ಇಳಿಸಿಕೊಟ್ಟರು. ಆತ ಏನೂ ಅಂದುಕೊಳ್ಳುವುದಿಲ್ಲ ಬಿಡಿ.

ಇಪ್ಪತ್ತಾರರಂದು ತಿರುಗಿ ಹೊರಟೆ. ನನ್ನ ಸ್ಟೀಲ್ ಡಬ್ಬಿಯಲ್ಲಿ ಈಗ ರೂತಮ್ಮನ ಅರಿಸೆಲು, ನಮ್ಮ ಕಜ್ಜಾಯದಂಥದ್ದು, ಬೀಗರಿಗೆಂದು. ನಕ್ಷತ್ರ ಮಡಿಲಲ್ಲಿ. ತುನಿಯ ಹತ್ತಿರ ಒಬ್ಬರು ಅದರ ಮೇಲೆ ಚೀಲ ಇಡಲು ಬಂದರು, ಬೈದು ಕಳಿಸಿದೆ. ವಿಶಾಖಪಟ್ಟಣ ಮುಟ್ಟಿದಾಗ ಸಂಜೆಯಾಗಿತ್ತು. ಲಿಫ್ಟ್ ಇನ್ನೂ ಕೆಟ್ಟೇ ಇತ್ತು. ಯಜಮಾನರು ಕೆಲಸದಿಂದ ಬಂದಿರಲಿಲ್ಲ. ಚೀಲ ಬಿಚ್ಚದೆ, ಚಹಾ ಸಹ ಮಾಡದೆ, ಸ್ಟೂಲ್ ಹಾಕಿಕೊಂಡು ಬಟ್ಟೆ ಒಣಗಿಸುವ ತಂತಿಗೆ ನಕ್ಷತ್ರ ಕಟ್ಟಿ, ಒಳಗೆ ಬಲ್ಬು ಇಳಿಬಿಟ್ಟು ದೀಪ ಹಾಕಿದೆ.

ಕೆಳಗೆ ತುಳಸಿಗೆ ನೀರು ಹಾಕುತ್ತಿದ್ದ ಸರೋಜಾ ಕತ್ತೆತ್ತಿದಳು. "ಏನ್ರೀ ಶಾಂತಾ, ಇದ್ಯಾವಾಗಿಂದ? ಹಬ್ಬ ಮುಗಿದೋದ್ಮೇಲೆ ಕಟ್ತಿದೀರಲ್ಲ!"

"ಮಗಳ ಮನಿಯಿಂದ ತಂದೇನ್ರಿ," ಅಂದೆ, ಓಣಿಯ ಆ ತುದಿಗೂ ಕೇಳುವ ಹಾಗೆ. "ವಿಜಯವಾಡದಾಗ ಅದಾಳ. ಲಗ್ನ ಆಗಿ ವರ್ಷದ ಮ್ಯಾಲಾತು. ಪುಣೆ ಗಿಣೆ ಎಲ್ಲಾ ಸುಳ್ಳು."

ಸರೋಜಾಳ ಕೈಯ ಚೊಂಬಿನ ನೀರು ತುಳಸಿ ಬಿಟ್ಟು ಅವಳ ಕಾಲ ಮೇಲೇ ಸುರಿಯಿತು. ಯಜಮಾನರು ಎಂಟು ಗಂಟೆಗೆ ಬಂದರು. ಶೂ ಬಿಚ್ಚುತ್ತ ನನ್ನ ಮುಖ ನೋಡದೆ, "ಕೆಳಗ ಸರೋಜಾ ನಿಲ್ಲಿಸಿ ಕೇಳಿದಳು. ಅಳಿಯಾ ಏನ್ ಮಾಡ್ತಾನಂತ," ಅಂದರು.

"ನೀವೇನಂದ್ರಿ?"

ಶೂ ಮೂಲೆಗೆ ಜೋಡಿಸಿಟ್ಟು, ಬಾಲ್ಕನಿಯ ಕಡೆ ಕೈ ಮಾಡಿ "ಅದನ್ನ ತಗಿ," ಅಂದರು.

"ತಗಿಯಂಗಿಲ್ಲ. ಬ್ಯಾಡಾದ್ರ ನೀವ ಆರಸ್ರಿ, ಸ್ವಿಚ್ ಬಾಗಿಲ ಹಂತೇಕ ಐತಿ. ನಾಳೆ ನಾ ಮತ್ತ ಹಚ್ಚತೀನಿ. ನಾಡದ್ದೂ ಹಚ್ಚತೀನಿ," ಎಂದೆ. ಅರಿಸೆಲು ಡಬ್ಬಿಯನ್ನು ಅವರ ಮುಂದೆ ಮೇಜಿನ ಮೇಲಿಟ್ಟೆ. ಪ್ರಯಾಣದ ದಣಿವು, ಅವರಿಗೆ ಬಡಿಸಿ ಬೇಗ ಮಲಗಿಬಿಟ್ಟೆ.

ಬೆಳಿಗ್ಗೆ ಹಾಲು ತರಲು ಎದ್ದೆ. ಅಡಿಗೆಮನೆ ಕತ್ತಲು, ಪಡಸಾಲೆ ಕತ್ತಲು, ಬಚ್ಚಲ ಸ್ವಿಚ್ಚೂ ಆರಿತ್ತು. ಒಂದೂ ಬಿಡದೆ ಎಲ್ಲ ಒತ್ತಿ ಬಂದಿದ್ದರು. ಮೇಜಿನ ಮೇಲೆ ಡಬ್ಬಿಯ ಮುಚ್ಚಳ ನಾನು ಹಾಕಿದ ಹಾಗೇ ಇತ್ತು. ಬಾಲ್ಕನಿಯಲ್ಲಿ ನಕ್ಷತ್ರ ಉರಿಯುತ್ತಿತ್ತು.